ಏಳನೇ ಹಾಸಿಗೆಯ ಗೋಡೆಗೆ ಯಾರು ಬಣ್ಣ ಹಚ್ಚಿದರು?

“ನೀಲಿ ಅಲ್ಲಮ್ಮಾ. ನೀಲಿ ಅಂತ ಬರ್ಕೊಂಡ್ರೆ ತಪ್ಪಾಗುತ್ತೆ,” ಎಂದರು ಏಳನೇ ಹಾಸಿಗೆಯ ಪೇಂಟರ್. “ಒಂದು ಬಕೆಟ್ ಬಿಳಿಗೆ ಒಂದು ಚಮಚ ನೀಲಿ, ಅರ್ಧ ಚಮಚ ಹಸಿರು. ಅಂಚಲ್ಲಿ ಮಾತ್ರ ಹೊಳಪು. ಬೆಳಗ್ಗೆ ಎಂಟೂವರೆಗೆ ಶುರುವಾಗುತ್ತೆ, ಒಂಬತ್ತಕ್ಕೆಲ್ಲ ಗೋಡೆ ಮತ್ತೆ ಮೊದಲಿನ ಹಾಗೆ.”

ನಾನು ಗೋಡೆ ನೋಡಿದೆ. ಮಾಸಲು ಬಿಳಿ. ಗಾಲಿಕುರ್ಚಿ ತಾಗಿ ಆದ ಕಪ್ಪು ಗೀರು ಬಿಟ್ಟರೆ ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

“ದಿನಾ ಹೀಗೇನಾ?”

“ಮಂಗಳವಾರದಿಂದ ದಿನಾ. ಸಂಜೆ ಆರಕ್ಕೂ ಒಂದ್ಸಲ. ಆಸ್ಪತ್ರೆಯವರೇ ಏನೋ ಲೈಟ್ ಹಾಕ್ಸಿದೀರಿ ಅಂದ್ಕೊಂಡೆ. ಚೆನ್ನಾಗೇ ಇದೆ, ತೆಗೀಬೇಡಿ.”

ನನ್ನ ಪೆನ್ನು ನಿಂತಿತು. ಬೆಳಗ್ಗೆಯಿಂದ ಇಡೀ ಆಸ್ಪತ್ರೆಯಲ್ಲಿ ನಾನು ಹುಡುಕುತ್ತಿದ್ದ ಏಳು ಮಾತ್ರೆಗಳು ಈ ಮನುಷ್ಯನ ಹೊಟ್ಟೆಯಲ್ಲಿದ್ದವು.

ನನ್ನ ಔಷಧಿ ಕೋಣೆಯ ಬೀಗದ ಕಪಾಟಿನಿಂದ ಅವು ಕಾಣೆಯಾಗಿವೆ, ಸಂಜೆ ನಾಲ್ಕರೊಳಗೆ ಸಿಗದಿದ್ದರೆ ಸೂಪರಿಂಟೆಂಡೆಂಟರ ಸಭೆಯಲ್ಲಿ ‘ಕೀಲಿ ನನ್ನ ಬಳಿಯಿತ್ತು, ಹೊಣೆ ನನ್ನದೇ’ ಎಂದು ಸಹಿ ಹಾಕಿ ನಾನು ಮನೆಗೆ ನಡೆಯಬೇಕು. ಹತ್ತೊಂಬತ್ತು ವರ್ಷದ ಕೆಲಸ. ಈಗ ಗಂಟೆ ಹನ್ನೆರಡೂವರೆ.

ಕಾಣೆಯಾದ ಮಾತ್ರೆಯ ಹೆಸರು ವೊರಿಕೊನಜೋಲ್. ನಮ್ಮ ಕೋಣೆಯಲ್ಲಿ ಅದನ್ನು ‘ದೊಡ್ಡಣ್ಣ’ ಅನ್ನುತ್ತೇವೆ. ಅದರ ತಮ್ಮ ಫ್ಲುಕೊನಜೋಲ್, ಅಂದರೆ ‘ಸಣ್ಣಣ್ಣ’. ಇಬ್ಬರೂ ಶಿಲೀಂಧ್ರದ ವೈರಿಗಳೇ. ಆದರೆ ಸಣ್ಣಣ್ಣ ಗುಂಡಗಿನ ಯೀಸ್ಟ್ ಜೊತೆ ಮಾತ್ರ ಜಗಳಕ್ಕೆ ನಿಲ್ಲುತ್ತಾನೆ. ಶ್ವಾಸಕೋಶದಲ್ಲಿ ಎಳೆ ಎಳೆಯಾಗಿ ಬೆಳೆಯುವ ಬೂಷ್ಟಿನ ಎದುರು ಅವನ ಆಟ ನಡೆಯುವುದಿಲ್ಲ, ಅದಕ್ಕೆ ದೊಡ್ಡಣ್ಣನೇ ಬೇಕು. ದೊಡ್ಡಣ್ಣನಿಗೆ ಒಂದು ಚಾಳಿಯಿದೆ. ನುಂಗಿದ ಅರ್ಧ ಗಂಟೆಗೆ ಕೆಲವರ ಕಣ್ಣಿಗೆ ಬಣ್ಣಗಳು ಬದಲಾಗಿ ಕಾಣುತ್ತವೆ. ಇನ್ನರ್ಧ ಗಂಟೆಗೆ ಎಲ್ಲ ಸರಿಹೋಗುತ್ತದೆ.

ಪೇಂಟರ ಚಾರ್ಟ್ ತೆಗೆದು ನೋಡಿದೆ. ಸೋಮವಾರ ದೊಡ್ಡ ಡಾಕ್ಟರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದ ಆದೇಶ: ಸಣ್ಣಣ್ಣ, ದಿನಕ್ಕೆ ಒಂದು, ಬೆಳಗ್ಗೆ ಎಂಟಕ್ಕೆ. ದೊಡ್ಡಣ್ಣನ ಸುದ್ದಿಯೇ ಇಲ್ಲ.

“ಮಾತ್ರೆ ಯಾರು ಕೊಡ್ತಾರೆ?” ಎಂದೆ, ಸಾಧ್ಯವಾದಷ್ಟು ಸಹಜವಾಗಿ.

ಪೇಂಟರ್ ಹೊದಿಕೆಯನ್ನು ಎದೆಯ ತನಕ ಎಳೆದುಕೊಂಡರು.

“ಮಾತು ಕೊಟ್ಟಿದೀನಿ ಮೇಡಂ. ಹೆಸರು ಕೇಳ್ಬೇಡಿ. ಬಣ್ಣ ಬೇಕಾದ್ರೆ ಕೇಳಿ, ಎಷ್ಟು ಬೇಕಾದ್ರೂ ಹೇಳ್ತೀನಿ.”

“ನನ್ನ ಕೆಲಸ ಹೋಗುತ್ತೆ ಕಣ್ರೀ!”

“ಅಯ್ಯೋ, ಹಾಗನ್ಬೇಡಿ,” ಎಂದು ಅವರು ನಿಜವಾಗಿಯೂ ನೊಂದುಕೊಂಡರು. ಹೆಸರನ್ನು ಮಾತ್ರ ಹೇಳಲಿಲ್ಲ. ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ, ಇಲ್ಲಿ ಗೋಡೆ ಎಲ್ಲವನ್ನೂ ಹೇಳುತ್ತಿತ್ತು, ಮನುಷ್ಯ ಬಾಯಿಗೆ ಬೀಗ ಹಾಕಿ ಕೂತಿದ್ದರು.

*

ನೇರವಾಗಿ ಲ್ಯಾಬಿಗೆ ಓಡಿದೆ. ಅಲ್ಲಿ ನನ್ನ ಅತ್ತೆ ಇದ್ದರು.

ನನ್ನ ಗಂಡನ ತಾಯಿ ಇದೇ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತವರು. ಆಸ್ಪತ್ರೆಗೆಲ್ಲ ಅವರು ಬೂಷ್ಟಮ್ಮ. ನಿವೃತ್ತಿಯಾಗಿ ಎರಡು ವರ್ಷವಾದರೂ ಬೂಷ್ಟಿನ ಕುಲಗೋತ್ರ ಹೇಳಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ವಾರಕ್ಕೆ ಎರಡು ದಿನ ಕರೆಸಿಕೊಳ್ಳುತ್ತಾರೆ. ಈ ವಾರ ಮಾತ್ರ ದಿನಾ ಬರುತ್ತಿದ್ದರು. ಮನೆಯಲ್ಲಿ ಬೇಜಾರಂತೆ. ಮಧ್ಯಾಹ್ನ ಮೂರಕ್ಕೆ ನನ್ನ ಕೋಣೆಗೆ ಬಂದು ನನ್ನ ಜೊತೆ ಟೀ ಕುಡಿದು, ನಾನು ಲೋಟ ತೊಳೆದು ಬರುವವರೆಗೆ ನನ್ನ ಕುರ್ಚಿಯಲ್ಲೇ ಕೂತು ಕಾಲು ಚಾಚಿಕೊಳ್ಳುತ್ತಿದ್ದರು. ನನಗೂ ಅದು ಹಿತವಾಗಿತ್ತು.

ಬೆಳಗ್ಗೆ ನರ್ಸೊಬ್ಬಳು “ಏಳನೇ ಹಾಸಿಗೆಯವರಿಗೆ ಗೋಡೆ ಬಣ್ಣ ಬದಲಾಗುತ್ತಂತೆ” ಎಂದು ನಗುತ್ತಾ ಹೇಳಿದಾಗ, ನನ್ನ ಜೊತೆ ವಾರ್ಡಿಗೆ ಬನ್ನಿ ಎಂದು ಅತ್ತೆಯನ್ನು ಕರೆದಿದ್ದೆ. “ವಾರ್ಡಿನ ಫಿನಾಯಿಲ್ ವಾಸನೆ ನನಗಾಗಲ್ಲ, ನೀನೇ ಹೋಗಿ ಕೇಳ್ಕೊಂಡು ಬಾ” ಎಂದಿದ್ದರು. ಮೂವತ್ತೊಂದು ವರ್ಷ ಬೂಷ್ಟಿನ ತಟ್ಟೆ ಮೂಸಿದ ಮೂಗಿಗೆ ಫಿನಾಯಿಲ್ ಆಗುವುದಿಲ್ಲವಂತೆ! ವಯಸ್ಸಾಯಿತು ಅಂದುಕೊಂಡೆ.

ಈಗ ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಕನ್ನಡಕ ಏರಿಸಿಕೊಂಡರು. ಆ ಕನ್ನಡಕದ ಒಂದು ಕಡ್ಡಿ ಹೋದ ತಿಂಗಳು ಮುರಿದಿತ್ತು. ಹೊಸದು ಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಪರದೆ ಹೊಲಿಯಲು ತಂದಿದ್ದ ಹಸಿರು ದಾರವನ್ನು ನಾನೇ ಬಿಗಿಯಾಗಿ ಸುತ್ತಿ ಕೊಟ್ಟಿದ್ದೆ.

“ಎಂಟೂವರೆಗೆ ಬಣ್ಣ ಕಂಡ್ರೆ ಎಂಟಕ್ಕೆ ನುಂಗಿದಾನೆ,” ಎಂದರು. “ಆ ಪೇಂಟರ್ ಕಫ ಸೋಮವಾರ ನೋಡಿದವಳೇ ನಾನು. ಯೀಸ್ಟ್ ಅಲ್ಲ, ಒಳ್ಳೆ ಕವಲೊಡೆದ ಎಳೆಗಳು. ಸಂಜೆನೇ ರಿಪೋರ್ಟ್ ಕಳಿಸ್ದೆ. ಅಷ್ಟರಲ್ಲಿ ನಿಮ್ಮ ದೊಡ್ಡ ಡಾಕ್ಟರು ಸಣ್ಣಣ್ಣನ್ನ ಬರೆದಾಗಿತ್ತು.”

“ಆಮೇಲಾದ್ರೂ ತಿದ್ದಬಹುದಿತ್ತಲ್ಲ?”

“ಯಾರು, ಅವರಾ?” ಅತ್ತೆ ನಕ್ಕರು. “ಇಪ್ಪತ್ತೆಂಟು ವರ್ಷದಲ್ಲಿ ಆ ಮನುಷ್ಯ ಬರೆದದ್ದಕ್ಕೆ ಒಂದು ಸಲ ಗೆರೆ ಎಳೆದು ಕಾಟು ಹಾಕಿದ್ದು ನೋಡಿದೀಯಾ? ಕಾಟು ಹಾಕೋ ಡಾಕ್ಟರು ಯೋಚನೆ ಮಾಡದ ಡಾಕ್ಟರು ಅಂತ ಕಿರಿಯರಿಗೆ ಪಾಠ ಮಾಡ್ತಾರೆ. ಬಿದ್ರೂ ಮೀಸೆ ಮಣ್ಣಾಗ್ಬಾರ್ದು.”

“ಹಾಗಾದ್ರೆ ಯಾರೋ ಅವರಿಗೆ ಹೇಳದೆ ಸರಿಯಾದ ಮಾತ್ರೆ ಕೊಡ್ತಿದಾರೆ.”

“ಕಳ್ಳ ಒಳ್ಳೆಯವನೇ. ಆದ್ರೂ ಕಳ್ಳ ಕಳ್ಳನೇ.” ಅತ್ತೆ ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. “ದೀಪದ ಬುಡದಲ್ಲೇ ಕತ್ತಲೆ ಕಣೇ, ದೂರ ಹುಡುಕ್ಬೇಡ. ಮೊದಲು ಬೆಳಗಿನ ಕಳ್ಳನ್ನ ಹಿಡಿ. ಸಂಜೆದು ಆಮೇಲೆ ನೋಡೋಣ.”

*

ಬೆಳಗಿನ ಕಳ್ಳನ ಸುಳಿವು ಕೊಟ್ಟವಳು ತಿಂಡಿ ಗಾಡಿಯ ಅಕ್ಕ.

ವಾರ್ಡಿನ ಬಾಗಿಲಲ್ಲಿ ಊಟದ ತಟ್ಟೆಗಳನ್ನು ಇಳಿಸುತ್ತಾ ಅವಳು ಲೋಕವನ್ನೆಲ್ಲ ಬೈಯುತ್ತಿದ್ದಳು. ಅವಳು ಬೈಯದ ದಿನ ಅಡುಗೆ ಚೆನ್ನಾಗಿರುವುದಿಲ್ಲ ಎಂದು ನಮ್ಮಲ್ಲಿ ಮಾತಿದೆ.

“ನಲವತ್ತು ಹಾಸಿಗೆಗೆ ಎಂಟಕ್ಕೆ ತಿಂಡಿ, ಈ ಏಳಕ್ಕೆ ಮಾತ್ರ ಒಂಬತ್ತಕ್ಕಂತೆ! ಅದಕ್ಕೇ ಅಂತ ಇನ್ನೊಂದು ಸಲ ಗಾಡಿ ತಳ್ಕೊಂಡು ಬರ್ಬೇಕು. ಇವರೇನು ಮದುಮಗನಾ?”

“ಯಾರು ಹೇಳಿದ್ದು?”

“ಚೀಟಿ ಬಂದಿದೆ ಮೇಡಂ. ಮಂಗಳವಾರ ಬೆಳಗ್ಗೆ ಅಡುಗೆಮನೆ ಬಾಗಿಲ ಸಂದೀಲಿ ಸಿಕ್ಸಿದ್ರು.”

ಅವಳು ಸೊಂಟದ ಚೀಲದಿಂದ ಎಣ್ಣೆ ಕಲೆಯಾದ ಚೀಟಿ ತೆಗೆದಳು. ‘ಏಳನೇ ಹಾಸಿಗೆ: ಬೆಳಗಿನ ತಿಂಡಿ ಒಂದು ಗಂಟೆ ತಡವಾಗಿ.’ ಇಂಗ್ಲಿಷ್ ಅಚ್ಚಿನ ದಪ್ಪಕ್ಷರದಲ್ಲಿ ಬರೆದಿದ್ದರು, ಕೈ ಗುರುತು ಸಿಗದಿರಲಿ ಎಂದು. ಸಹಿಯಿಲ್ಲ.

ನಾನು ಅಲ್ಲೇ ಗೋಡೆಗೊರಗಿ ನಿಂತೆ. ಸಂತೋಷಕ್ಕೆ ಅಕ್ಕನ ಕೈ ಕುಲುಕಿಬಿಟ್ಟೆ. ಸೌಟಿನ ಸಮೇತ.

ಯಾಕೆಂದರೆ ದೊಡ್ಡಣ್ಣನಿಗೆ ಇನ್ನೊಂದು ಚಾಳಿಯೂ ಇದೆ. ಅವನಿಗೆ ಊಟದ ಜೊತೆ ಆಗಿಬರುವುದಿಲ್ಲ. ತಿಂಡಿಗೆ ಒಂದು ಗಂಟೆ ಮೊದಲೋ, ಒಂದು ಗಂಟೆ ಆಮೇಲೋ ನುಂಗಬೇಕು. ಸಣ್ಣಣ್ಣನಿಗೆ ಇಂಥ ಬಿಂಕವಿಲ್ಲ. ಮಾತ್ರೆಯನ್ನು ಅಂಗೈಯಲ್ಲಿ ಮುಚ್ಚಿಡಬಹುದು, ತಿಂಡಿ ಗಾಡಿಯನ್ನು ಮುಚ್ಚಿಡಲು ಯಾರಿಂದಾಗುತ್ತದೆ?

ಈ ಊಟದ ವಿಷಯ ನಮ್ಮ ಆಸ್ಪತ್ರೆಯ ಡಾಕ್ಟರಲ್ಲಿ ಎಷ್ಟು ಜನಕ್ಕೆ ಗೊತ್ತು? ಅದೂ ನನ್ನ ಬಳಿ ಲೆಕ್ಕವಿತ್ತು. ಹೋದ ವಾರ ನಾನು ಶಿಲೀಂಧ್ರದ ಔಷಧಿಗಳ ಬಗ್ಗೆ ಇಪ್ಪತ್ತು ಪ್ರಶ್ನೆಯ ಹಾಳೆ ಹಂಚಿದ್ದೆ. ಹೆಸರು ಬರೆಯಬೇಕಾಗಿಲ್ಲ, ತಿಳಿದದ್ದು ಬರೆದರೆ ಸಾಕು ಎಂದಿದ್ದೆ. ನಲವತ್ತೊಂದು ಡಾಕ್ಟರು ಬರೆದರು. ಕಫದಲ್ಲಿ ಬರೀ ಯೀಸ್ಟ್ ಕಂಡರೆ ಏನು ಮಾಡುತ್ತೀರಿ ಎಂದರೆ ಮೂವತ್ತು ಜನ ಔಷಧಿ ಬರೆದುಕೊಟ್ಟರು. ಸಾಮಾನ್ಯವಾಗಿ ಅದು ಬಾಯಲ್ಲಿ ಸುಮ್ಮನೆ ವಾಸವಾಗಿರುವ ಯೀಸ್ಟ್, ಅದರ ಪಾಡಿಗೆ ಬಿಟ್ಟರೆ ಸಾಕು. ಒಬ್ಬರು ಮಾತ್ರ ‘ಬೂಷ್ಟಮ್ಮನನ್ನು ಕೇಳುತ್ತೇನೆ’ ಎಂದು ಬರೆದಿದ್ದರು. ಅವರಿಗೆ ಅರ್ಧ ಅಂಕ ಕೊಟ್ಟೆ.

ಡಾಕ್ಟರನ್ನು ಬೈಯುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ವರ್ಷಗಟ್ಟಲೆ ಪಾಠ, ಬೂಷ್ಟಿಗೆ ಒಂದು ಮಧ್ಯಾಹ್ನದ ನಿದ್ದೆಗಣ್ಣಿನ ತರಗತಿ. ಅವರು ತಾನೇ ಏನು ಮಾಡಿಯಾರು?

ಹನ್ನೊಂದನೇ ಪ್ರಶ್ನೆ ದೊಡ್ಡಣ್ಣ ಮತ್ತು ಊಟದ್ದು. ಅದಕ್ಕೆ ಸರಿಯುತ್ತರ ಬರೆದವರು ಸೊನ್ನೆ. ಹೌದು, ನಲವತ್ತೊಂದರಲ್ಲಿ ಸೊನ್ನೆ! ಸರಿಯುತ್ತರಗಳ ಹಾಳೆಯನ್ನು ನಾನಿನ್ನೂ ಯಾರಿಗೂ ಹಂಚಿರಲಿಲ್ಲ. ಒಂದೇ ಒಂದು ಪ್ರತಿಯನ್ನು, ಸೋಮವಾರ ಸಂಜೆ, ಲಕೋಟೆಯಲ್ಲಿಟ್ಟು ಔಷಧಿ ಸಮಿತಿಯ ಅಧ್ಯಕ್ಷರ ಮೇಜಿನ ಮೇಲೆ ಇಟ್ಟು ಬಂದಿದ್ದೆ.

ಅದೇ ಅಧ್ಯಕ್ಷರ ಬಳಿ ನನ್ನ ಕಪಾಟಿನ ಎರಡನೇ ಕೀಲಿಯೂ ಇತ್ತು.

*

ಅಧ್ಯಕ್ಷರು ಎಂದರೆ ನಮ್ಮ ದೊಡ್ಡ ಡಾಕ್ಟರೇ. ಅವರ ಕೋಣೆಗೆ ಹೋದಾಗ ಮೂರು ಗಂಟೆ. ಅವರು ಎತ್ತರದ ಆಳು. ಬಿಳಿ ಕೋಟಿನ ಗುಂಡಿಗಳನ್ನು ಕತ್ತಿನ ತನಕ ಹಾಕಿಕೊಳ್ಳುತ್ತಾರೆ. ಅವರ ಮೇಜಿನ ಮೇಲೆ ಪೆನ್ನುಗಳು ಕೂಡ ಮೈ ನೆಟ್ಟಗೆ ಮಾಡಿ ಮಲಗಿರುತ್ತವೆ.

“ಏನಮ್ಮಾ?”

ನಾನು ಪೇಂಟರ ಚಾರ್ಟ್ ಮೇಜಿನ ಮೇಲಿಟ್ಟೆ. ಅದರ ಮೇಲೆ ಎಣ್ಣೆಕಲೆಯ ಚೀಟಿ ಇಟ್ಟೆ.

“ಸಾರ್, ಏಳನೇ ಹಾಸಿಗೆಯವರು ಬೆಳಗ್ಗೆ ನುಂಗೋದು ಈ ಚಾರ್ಟಲ್ಲಿರೋ ಕ್ಯಾಪ್ಸೂಲ್ ಅಲ್ಲ. ದಿನಾ ಎಂಟಕ್ಕೆ ಯಾರೋ ನರ್ಸ್ ಇಟ್ಟ ಕಪ್ಪಲ್ಲಿದ್ದ ಕ್ಯಾಪ್ಸೂಲ್ ಎತ್ತಿ ಜೇಬಿಗೆ ಹಾಕ್ಕೊಂಡು, ಬೇರೆ ಮಾತ್ರೆ ಇಡ್ತಿದಾರೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ದೊಡ್ಡ ಡಾಕ್ಟರ ಬಲಗೈ ತಾನಾಗಿಯೇ ಕೋಟಿನ ಜೇಬಿಗೆ ಹೋಯಿತು. ಹೋದದ್ದು ಅವರಿಗೂ ತಿಳಿಯಿತು, ನನಗೂ ತಿಳಿಯಿತು.

ಇಬ್ಬರೂ ಆ ಕೈಯನ್ನೇ ನೋಡಿದೆವು.

ಕೊನೆಗೆ ಅವರು ಜೇಬಿನಿಂದ ಸಣ್ಣಣ್ಣನ ಕ್ಯಾಪ್ಸೂಲುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು, ಎರಡು, ಮೂರು, ನಾಲ್ಕು. ಮಂಗಳವಾರದಿಂದ ಇವತ್ತಿನ ಶುಕ್ರವಾರದವರೆಗೆ. ಬಿಸಾಡಲು ಮನಸ್ಸು ಬಂದಿರಲಿಲ್ಲವಂತೆ, ಆಸ್ಪತ್ರೆಯ ಸೊತ್ತಲ್ಲವೇ!

“ನಿಮ್ಮ ಪ್ರಶ್ನೆ ಹಾಳೇನ ನಾನೂ ಬರ್ದಿದ್ದೆ,” ಎಂದರು ಮೆಲ್ಲಗೆ. “ಹೆಸರಿಲ್ಲ ಅಂತ ಧೈರ್ಯ. ಇಪ್ಪತ್ತಕ್ಕೆ ಎಂಟು ಬಂತು.”

“ಸಾರ್, ಎಂಟೂ ಪರವಾಗಿಲ್ಲ...”

“ಸಮಾಧಾನ ಮಾಡ್ಬೇಡಿ. ನಿಮ್ಮ ಉತ್ತರದ ಹಾಳೆ ಬಂತು, ಅದರ ಹಿಂದೇನೇ ನಿಮ್ಮತ್ತೆ ರಿಪೋರ್ಟ್ ಬಂತು. ಬೆಳಗ್ಗೆ ನಾನು ಬರ್ದದ್ದು ತಪ್ಪು ಅಂತ ಗೊತ್ತಾಯ್ತು. ಆದರೆ ಅಷ್ಟರಲ್ಲಿ ಹನ್ನೆರಡು ಕಿರಿಯರು ಆ ಚಾರ್ಟ್ ನೋಡಿ ತಲೆಯಾಡಿಸಿದ್ರು. ಹೋದ ತಿಂಗಳಷ್ಟೇ ಅವರಲ್ಲೊಬ್ಬಳು ಕಾಟು ಹಾಕಿದ್ಲು ಅಂತ ಎಲ್ಲರ ಮುಂದೆ ನಿಲ್ಸಿ ಬೈದಿದ್ದೆ.”

“ಅದಕ್ಕೆ ಕದ್ರಾ?”

“ಕದಿಯೋದು ಸುಲಭ ಅನ್ಸಿತು ಕಣಮ್ಮಾ.”

ನನಗೆ ನಗು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಸಿಟ್ಟನ್ನು ಹೇಳಿಯೇಬಿಟ್ಟೆ.

“ಸಾರ್, ಈ ಮಾತ್ರೆ ತಗೊಳ್ಳೋರಿಗೆ ಲಿವರ್ ಪರೀಕ್ಷೆ ಆಗ್ಬೇಕು. ಹತ್ತಾರು ಬೇರೆ ಔಷಧಿ ಜೊತೆ ಇದಕ್ಕೆ ಆಗಲ್ಲ. ಚಾರ್ಟಲ್ಲಿ ಇಲ್ದಿದ್ರೆ ನಾಳೆ ಇನ್ನೊಬ್ಬರು ಗೊತ್ತಿಲ್ದೆ ಏನೋ ಬರೀತಾರೆ. ಆಗ ಆ ಮನುಷ್ಯನ ಗತಿ? ಇನ್ನು ನನ್ನ ಗತಿ? ನಾಲ್ಕು ಗಂಟೆಗೆ ನಾನು ಕಳ್ಳಿ ಅಂತ ಸಹಿ ಹಾಕ್ಬೇಕು. ನೀವು ಆ ಸಭೆಯಲ್ಲಿ ನನ್ನೆದುರಿಗೇ ಕೂತಿರ್ತೀರಿ.”

ಅವರ ಕಿವಿ ಕೆಂಪಾಯಿತು. ಆಮೇಲೆ ಚಾರ್ಟನ್ನು ಹತ್ತಿರಕ್ಕೆ ಎಳೆದುಕೊಂಡರು.

“ಸ್ಕೇಲ್ ಇದೆಯಾ?”

“ಏನು ಸಾರ್?”

“ಸ್ಕೇಲ್. ಕಾಟು ನೆಟ್ಟಗೆ ಬರ್ಬೇಕು.”

ನನ್ನ ಕೋಟಿನ ಜೇಬಿನಲ್ಲಿದ್ದ ಪುಟ್ಟ ಸ್ಕೇಲ್ ಕೊಟ್ಟೆ. ಅವರು ಇಪ್ಪತ್ತೆಂಟು ವರ್ಷದ ಮೊದಲ ಕಾಟು ಎಳೆದರು. ಪಕ್ಕದಲ್ಲಿ ‘ನನ್ನ ತಪ್ಪು’ ಎಂದು ಬರೆದು ಸಹಿ ಹಾಕಿದರು. ಹಾಗೆ ಬರೆಯಬೇಕೆಂದು ಯಾರೂ ಕೇಳಿರಲಿಲ್ಲ. ನನಗೆ ಆ ಮನುಷ್ಯನ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು.

“ಗೆರೆ ಚೆನ್ನಾಗಿ ಬಂದಿದೆ ಸಾರ್.”

“ಬಂದಿದೆ ಅಲ್ವಾ?” ಎಂದು ಅವರು ನಕ್ಕೇಬಿಟ್ಟರು. ಕೆಳಗೆ ಹೊಸ ಆದೇಶ ಬರೆಯತೊಡಗಿದರು. ದೊಡ್ಡಣ್ಣನ ಪೂರ್ತಿ ಹೆಸರು, ಇನ್ನೂರು ಮಿಲಿಗ್ರಾಂ, ದಿನಕ್ಕೆ ಒಂದು...

“ಒಂದಲ್ಲ ಸಾರ್. ಎರಡು. ಬೆಳಗ್ಗೆ ಒಂದು, ಸಂಜೆ ಒಂದು.”

ಪೆನ್ನು ನಿಂತಿತು.

“ಎರಡಾ? ನಿಮ್ಮ ಹಾಳೆಯಲ್ಲಿ ಅದು ಇರ್ಲಿಲ್ವಲ್ಲ.”

ನಿಜ. ಊಟದ ಪ್ರಶ್ನೆ ಕೇಳಿದ್ದ ನಾನು ದಿನಕ್ಕೆಷ್ಟು ಸಲ ಎಂದು ಕೇಳಿರಲಿಲ್ಲ. “ನೀವು ಸಂಜೆ ಕೊಡ್ತಿರ್ಲಿಲ್ವಾ?”

“ಇಲ್ಲಮ್ಮಾ. ಕಪ್ಪಲ್ಲಿ ಬೆಳಗ್ಗೆ ಒಂದೇ ಬರ್ತಿತ್ತು, ಒಂದನ್ನೇ ಬದಲಾಯಿಸ್ದೆ. ನಾಲ್ಕು ದಿನ, ನಾಲ್ಕು ಮಾತ್ರೆ. ಅಯ್ಯೋ, ಹಾಗಾದ್ರೆ ಆತನಿಗೆ ಅರ್ಧ ಡೋಸೇ ಹೋಗಿದೆಯಾ?”

“ಇಲ್ಲ ಸಾರ್,” ಎಂದೆ. “ಪೂರ್ತಿ ಹೋಗಿದೆ. ಸಂಜೆ ಆರಕ್ಕೂ ಗೋಡೆ ಬಣ್ಣ ಬದಲಾಗುತ್ತೆ.”

ಕಾಣೆಯಾದದ್ದು ಏಳು. ಅವರದು ನಾಲ್ಕು. ಉಳಿದ ಮೂರು, ಮಂಗಳವಾರ, ಬುಧವಾರ, ಗುರುವಾರದ ಸಂಜೆಗಳದ್ದು. ದೊಡ್ಡ ಡಾಕ್ಟರ ಗುಟ್ಟು ಮೊದಲ ದಿನವೇ ಯಾರಿಗೋ ಗೊತ್ತಾಗಿದೆ. ಅವರು ಬಾಯಿ ಬಿಟ್ಟಿಲ್ಲ. ಡಾಕ್ಟರಿಗೆ ತಿಳಿಯದ ಅರ್ಧವನ್ನು ಸುಮ್ಮನೆ ತುಂಬಿಸುತ್ತಾ ಬಂದಿದ್ದಾರೆ.

“ನಿಮ್ಮ ಕೀಲಿ ಬೇರೆಯವರಿಗೆ ಕೊಟ್ಟಿದ್ರಾ ಸಾರ್?”

“ವಾಚಿನ ಸರಪಳೀಲಿ ಇದೆ. ಸ್ನಾನಕ್ಕೂ ತೆಗೆಯಲ್ಲ.”

ಹಾಗಾದರೆ ಉಳಿದದ್ದು ನನ್ನ ಕೀಲಿ ಒಂದೇ.

*

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಾನು ಮುಂದೆ, ದೊಡ್ಡ ಡಾಕ್ಟರು ಹಿಂದೆ, ಇಬ್ಬರೂ ಏದುಸಿರು ಬಿಡುತ್ತಾ ಏಳನೇ ಹಾಸಿಗೆಯ ಮುಂದೆ ನಿಂತೆವು. ಪೇಂಟರ್ ಚೆನ್ನಾಗಿಯೇ ಇದ್ದರು. ನಾಲ್ಕು ದಿನದಲ್ಲಿ ಕೆಮ್ಮು ಅರ್ಧ ಇಳಿದಿತ್ತು.

“ನನಗೆ ಕೊಟ್ಟ ಮಾತಿಂದ ನಿಮ್ಮನ್ನ ಬಿಡಿಸಿದೀನಿ,” ಎಂದರು ದೊಡ್ಡ ಡಾಕ್ಟರು. “ಎಲ್ಲ ಒಪ್ಕೊಂಡಾಯ್ತು.”

“ಒಳ್ಳೇದಾಯ್ತು ಸಾರ್. ನೀವು ಬೆಳಗಿನವರು.” ಪೇಂಟರ್ ನನ್ನತ್ತ ತಿರುಗಿದರು. “ಸಂಜೆಯವರು ಇನ್ನೂ ಬಿಡಿಸಿಲ್ಲ ಮೇಡಂ. ಹೆಸರು ಹೇಳಲ್ಲ.”

“ಹೆಸರು ಬೇಡ,” ಎಂದೆ. “ಬಣ್ಣ ಹೇಳಿ.”

ಅವರ ಮುಖ ಅರಳಿತು. ಕಣ್ಣು ಮುಚ್ಚಿ ನೆನಪಿಸಿಕೊಂಡರು.

“ಹಸಿರು. ಗಿಳಿಯ ಹಸಿರಲ್ಲ, ಎಲೆಯ ಹಸಿರಲ್ಲ. ಕೊಳದ ಪಾಚಿಗೆ ಒಂದು ಹನಿ ಹಳದಿ ಬಿಟ್ಟ ಹಾಗೆ. ಕಿಟಕಿ ಪರದೆಗೆ ಒಪ್ಪೋ ಬಣ್ಣ. ಕನ್ನಡಕದ ಕಡ್ಡಿಗೆ ಅದೇ ಬಣ್ಣದ ದಾರ ಸುತ್ತಿದೆ ಮೇಡಂ. ಯಾರೋ ತುಂಬ ಪ್ರೀತಿಯಿಂದ ಸುತ್ತಿದಾರೆ. ಒಂದು ಎಳೆನೂ ಆಚೀಚೆ ಹೋಗಿಲ್ಲ.”

ಹೋಗಿರಲಿಲ್ಲ. ಅಷ್ಟು ಬಿಗಿಯಾಗಿ ಸುತ್ತಲು ನನಗೆ ಅರ್ಧ ಗಂಟೆ ಹಿಡಿದಿತ್ತು.

ಮೂರು ಗಂಟೆಯ ಟೀ ನೆನಪಾಯಿತು. ನನ್ನ ಕುರ್ಚಿಯ ಹಿಂದಿನ ಮೊಳೆಯಲ್ಲಿ ತೂಗುವ ಕೀಲಿ ನೆನಪಾಯಿತು. ಲೋಟ ತೊಳೆಯಲು ನಾನು ಹೋಗಿಬರುವ ಎರಡು ನಿಮಿಷ, ಫಿನಾಯಿಲ್ ವಾಸನೆ ಆಗದ ಮೂಗು, ‘ಸಂಜೆದು ಆಮೇಲೆ ನೋಡೋಣ’. ದೀಪದ ಬುಡದಲ್ಲೇ ಕತ್ತಲೆ ಎಂದು ಅವರೇ ಹೇಳಿದ್ದರು. ನಾನು ದೀಪವನ್ನೇ ಹಿಡಿದುಕೊಂಡು ಊರೆಲ್ಲ ಸುತ್ತಿದ್ದೆ.

ಈಗ ಅವರ ಹೆಸರು ಹೇಳಿದರೆ ನನ್ನ ಕೆಲಸ ಉಳಿಯುತ್ತದೆ. ಮೂವತ್ತೊಂದು ವರ್ಷದ ಬೂಷ್ಟಮ್ಮ ಕಳ್ಳಿಯಾಗಿ ಈ ಬಾಗಿಲು ದಾಟುತ್ತಾರೆ. ಹೇಳದಿದ್ದರೆ, ಆ ಮೂರು ದಿನವೂ ಕೀಲಿ ನನ್ನ ಕೈಯಲ್ಲೇ ಇತ್ತೆಂದಾಗಿ, ದಾಟುವವಳು ನಾನು. ಒಂದು ಮಾತು ಮೊದಲೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಅತ್ತೆ, ನಿಮ್ಮದು?

ಅಷ್ಟರಲ್ಲಿ ಬೆಳಗಿನ ಅದೇ ನರ್ಸ್ ಬಾಗಿಲಲ್ಲಿ ಕಾಣಿಸಿಕೊಂಡಳು. ಮುಖದ ತುಂಬ ನಗು.

“ಮೇಡಂ, ಸೂಪರಿಂಟೆಂಡೆಂಟ್ ಕರೀತಿದಾರೆ. ಏನೂ ಹೆದರ್ಬೇಡಿ, ನಿಮ್ಮತ್ತೆ ಆಗ್ಲೇ ಅಲ್ಲಿ ಹೋಗಿ ಕೂತಿದಾರೆ. ‘ಕೀಲಿ ನನ್ನ ಸೊಸೆ ಕೈಬಿಟ್ಟು ಒಂದು ಗಳಿಗೆನೂ ಆಚೆ ಹೋಗಿಲ್ಲ, ಅದಕ್ಕೆ ನಾನೇ ಸಾಕ್ಷಿ’ ಅಂತ ಬರೆದುಕೊಟ್ಟು ಸಹಿನೂ ಹಾಕಿಬಿಟ್ರು. ಎಂಥ ಒಳ್ಳೆ ಅತ್ತೆ ಸಿಕ್ಕಿದಾರೆ ಮೇಡಂ ನಿಮಗೆ!”